ಕೈಯಾರೆ ಕಟ್ಟಿದ ಗಣಕ, ಕನ್ನಡ ಬರೆಯುವ ಗಣಕ

(ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ನಮ್ಮ ಬಳಗದ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಭಾಷಣ ಮಾಡುವವನಲ್ಲ. ಕಾರ್ಯದರ್ಶಿಗಳು "ನೀವು ಮನೆಯಲ್ಲಿ ಮಾಡಿದ ಆ ಕಂಪ್ಯೂಟರ್ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಎಂದಾಗ ಒಪ್ಪಿಕೊಂಡೆ. ಒಪ್ಪಲು ಒಂದು ಕಾರಣವಿದೆ. ಈ ದಿನ ನಾವು ಕೂಡಿಸುವ ಹಣದಲ್ಲಿ ಒಂದು ಪಾಲು ಕರ್ನಾಟಕದ ಹಳ್ಳಿ ಶಾಲೆಗಳ ಗಣಕ ಶಿಕ್ಷಣಕ್ಕೆ ಹೋಗುತ್ತದೆ. ಆ ಹಣದಿಂದ ಎಂತಹ ಗಣಕ ಕೊಡಬೇಕು ಎಂಬ ಪ್ರಶ್ನೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನನ್ನ ಮನೆಯ ಪುಟ್ಟ ಯಂತ್ರ ಅದಕ್ಕೊಂದು ನೆಪ.

"ಅಂಗಡಿಯಲ್ಲಿ ಸಿಗೋದನ್ನ ಮನೇಲಿ ಯಾಕಪ್ಪಾ ಮಾಡ್ತೀಯಾ?" ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿರುವ ತಾಯಂದಿರನ್ನು ನಾನು ಕೇಳುತ್ತೇನೆ: ಸಾರಿನ ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲವೇ? ಆದರೂ ಎಷ್ಟು ಮನೆಗಳಲ್ಲಿ ಕೊತ್ತಂಬರಿ, ಮೆಣಸಿನಕಾಯಿ ಹುರಿಯುವ ಘಮ ಬರುತ್ತದೆ! ಪುಡಿಯನ್ನು ಒಮ್ಮೆ ಮನೆಯಲ್ಲಿ ಮಾಡಿದವರಿಗೆ ಸಾರು ಯಾಕೆ ಹುಳಿಯಾಯಿತು, ಯಾಕೆ ಕಹಿಯಾಯಿತು ಎಂದು ತಿಳಿಯುತ್ತದೆ. ಪೊಟ್ಟಣ ಬಿಚ್ಚಿ ಸುರಿದವರಿಗೆ ತಿಳಿಯುವುದಿಲ್ಲ. ಗಣಕದ ಮಾತೂ ಅಷ್ಟೇ.

ನಾವು ವಾಸಿಸುವ ಈ ಪ್ರದೇಶಕ್ಕೂ ಗಣಕಕ್ಕೂ ಇರುವ ನಂಟನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳೇ, ನಾಟಿಂಗ್‌ಹ್ಯಾಮ್‌ನಲ್ಲಿ ಟ್ರಾಮ್ ಹತ್ತಿ ಉತ್ತರದ ಕಡೆ ಹಕ್‌ನಲ್ ನಿಲ್ದಾಣದವರೆಗೆ ಹೋಗಿ. ಅಲ್ಲಿನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನಲ್ಲಿ ಕವಿ ಬೈರನ್ನನ ಪಕ್ಕದಲ್ಲೇ ಅವನ ಮಗಳು ಏಡಾ ಲವ್‌ಲೇಸ್ ಮಲಗಿದ್ದಾಳೆ. 1852ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡವಳು. ಚಾರ್ಲ್ಸ್ ಬ್ಯಾಬೇಜ್ ಕಲ್ಪಿಸಿದ್ದ ಗಣಿತ ಯಂತ್ರದ ಬಗ್ಗೆ 1843ರಲ್ಲಿ ಅವಳು ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಆ ಯಂತ್ರ ಹೆಜ್ಜೆ ಹೆಜ್ಜೆಯಾಗಿ ಹೇಗೆ ಲೆಕ್ಕ ಮಾಡಬೇಕೆಂದು ಬರೆದಿದ್ದಾಳೆ. ಆ ಯಂತ್ರ ಕಟ್ಟಿ ಮುಗಿಯಲೇ ಇಲ್ಲ. ಇಲ್ಲದ ಗಣಕಕ್ಕೆ ಬರೆದ ಪ್ರೋಗ್ರಾಂ ಅದು!

ಇನ್ನು ಮ್ಯಾಂಚೆಸ್ಟರ್. 1948ರ ಜೂನ್ 21ರಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್‌ಬರ್ನ್, ಜೆಫ್ ಟೂಟಿಲ್ ಎಂಬ ಮೂವರು ಕಟ್ಟಿದ 'ಬೇಬಿ' ಎಂಬ ಗಣಕ ಓಡಿತು. ಪ್ರೋಗ್ರಾಮನ್ನು ತನ್ನದೇ ಎಲೆಕ್ಟ್ರಾನಿಕ್ ಸ್ಮರಣೆಯಲ್ಲಿ ಇಟ್ಟುಕೊಂಡು ನಡೆಸಿದ ಮೊದಲ ಯಂತ್ರ ಅದು. ಒಂದು ಸಂಖ್ಯೆಯ ಅತಿ ದೊಡ್ಡ ಅಪವರ್ತನ ಹುಡುಕಲು 52 ನಿಮಿಷ ತೆಗೆದುಕೊಂಡಿತು. ಕೋಣೆ ತುಂಬ ಹರಡಿದ್ದ ಆ ಯಂತ್ರದ ಸ್ಮರಣೆ 32 ಸಾಲು, ಸಾಲಿಗೆ 32 ಬಿಟ್, ಅಂದರೆ ಬರೀ 128 ಬೈಟ್. ಈ 128 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿಂದ ನಮ್ಮ ದೇಶಕ್ಕೆ ಹೋಗುವ ದಾರಿಯೂ ಇದೆ. 1981ರ ಕೊನೆಗೆ ಏಕಾರ್ನ್ ಸಂಸ್ಥೆಯ 'ಬಿಬಿಸಿ ಮೈಕ್ರೋ' ಬಂತು. 32 ಕಿಲೋಬೈಟ್ ಸ್ಮರಣೆ, ಸುಮಾರು 400 ಪೌಂಡ್ ಬೆಲೆ. ಗುಂಡಿ ಒತ್ತಿದ ಕ್ಷಣವೇ "ಏನು ಅಪ್ಪಣೆ?" ಎಂಬಂತೆ ಪ್ರೋಗ್ರಾಂ ಬರೆಯಲು ಸಿದ್ಧವಾಗಿ ನಿಲ್ಲುತ್ತಿತ್ತು. ಈ ದೇಶದ ಒಂದು ತಲೆಮಾರು ಅದರಲ್ಲೇ ಕಲಿಯಿತು. 1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಲ್ಲಿ ಗಣಕ ಶಿಕ್ಷಣ ಆರಂಭಿಸಿದಾಗ ತಂದದ್ದು ಇದೇ ಬಿಬಿಸಿ ಮೈಕ್ರೋಗಳನ್ನು. ಅದೇ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಹೊಸ ಚಿಪ್ 1985ರ ಏಪ್ರಿಲ್‌ನಲ್ಲಿ ಕೆಲಸ ಮಾಡಿತು. ಅದರ ಹೆಸರು 'ಆರ್ಮ್'. ಇಂದು ನಿಮ್ಮೆಲ್ಲರ ಜೇಬಿನ ಮೊಬೈಲಿನಲ್ಲಿ ಇರುವುದು ಅದರ ಮೊಮ್ಮಕ್ಕಳು, ಮರಿಮಕ್ಕಳು.

ಆ ವಂಶದ ಒಂದು ಕುಡಿ ಬೆಂಗಳೂರಿನಲ್ಲೂ ಚಿಗುರಿತು. ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ 'ಟಾಟಾ ಇನ್‌ಸ್ಟಿಟ್ಯೂಟ್'ನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ಎಂಜಿನಿಯರರ ಜೊತೆ ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ಲೋಕದ ಮುಂದಿಟ್ಟರು. ಸರಳ, ಅಗ್ಗ, ಬಹುಭಾಷಿ ಎಂಬುದು ಅದರ ಮಂತ್ರ. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್, ಮೇಲೆ ಲಿನಕ್ಸ್. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲಿ ಎಂದು ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿ. ಓದು ಬಾರದವರಿಗಾಗಿ ಬರಹವನ್ನು ಓದಿ ಹೇಳುವ ವ್ಯವಸ್ಥೆ. ಯಂತ್ರದ ವಿನ್ಯಾಸವನ್ನೂ ಅವರು ಮುಚ್ಚಿಡಲಿಲ್ಲ, ಇತರರೂ ಬಳಸುವ ಪರವಾನಗಿಯಡಿ ಪ್ರಕಟಿಸಿದರು. ಗುರಿಯಿಟ್ಟ ಬೆಲೆ 9,000 ರೂಪಾಯಿ. 2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು.

ಆದರೆ ಎಣಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿ ಹಳ್ಳಿಗೆ ಬಂದಿತ್ತು. ಸಿಂಪ್ಯೂಟರ್ ಸೋತಿತೆಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಬಡವನಿಗೆ ಕೊಡುವ ಯಂತ್ರ ಅವನ ಭಾಷೆಯಲ್ಲಿ ಮಾತಾಡಬೇಕು, ಅದರ ಒಳಗುಟ್ಟು ತೆರೆದಿರಬೇಕು ಎಂಬ ಎರಡು ಮಾತನ್ನು ಅವರು ಬೆಂಗಳೂರಿನಿಂದ ಜಗತ್ತಿಗೆ ಹೇಳಿದರು. ಆ ಎರಡೂ ಮಾತು ಇವತ್ತಿಗೂ ನಿಜ. ಆಗ ಕೂಡಿಬರದೆ ಇದ್ದದ್ದು ಬೆಲೆ ಮಾತ್ರ.

ಈಗ ಬೆಲೆಯೂ ಕೂಡಿಬಂದಿದೆ. 2021ರ ಜನವರಿಯಲ್ಲಿ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಸಂಸ್ಥೆಯವರು 'ಪೀಕೋ' ಎಂಬ ಮೈಕ್ರೋಕಂಟ್ರೋಲರ್ ಬೋರ್ಡನ್ನು 4 ಡಾಲರಿಗೆ ಬಿಟ್ಟರು. ಇಲ್ಲಿ ನಾಲ್ಕು ಪೌಂಡಿಗಿಂತ ಕಡಿಮೆ. ಒಂದು ಪತ್ರಿಕೆಯವರಂತೂ ಅದನ್ನು ಸಂಚಿಕೆಯ ಜೊತೆ ಉಚಿತವಾಗಿಯೇ ಹಂಚಿದರು. ನೋಡಿ, ಇದೇ ಅದು: 51 ಮಿಲಿಮೀಟರ್ ಉದ್ದ, 21 ಮಿಲಿಮೀಟರ್ ಅಗಲ, ಸುಮಾರು ಒಂದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು. ಎರಡು ಅಂಚಿನಲ್ಲೂ ಇಪ್ಪತ್ತು ಇಪ್ಪತ್ತು ಕಾಲುಗಳು. ಒಳಗೆ ಎರಡು ಆರ್ಮ್ ಮಿದುಳುಗಳು, ಸೆಕೆಂಡಿಗೆ ಹದಿಮೂರು ಕೋಟಿ ಬಾರಿ ಮಿಡಿಯಬಲ್ಲವು. 264 ಕಿಲೋಬೈಟ್ ರ‍್ಯಾಮ್, 2 ಮೆಗಾಬೈಟ್ ಫ್ಲ್ಯಾಶ್. ಫ್ಲ್ಯಾಶ್ ಅಂದರೆ ಮನೆಯ ಉಗ್ರಾಣ, ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಉಗ್ರಾಣದಲ್ಲಿ ಎಷ್ಟೇ ಸಾಮಾನಿದ್ದರೂ ಕೆಲಸ ನಡೆಯುವುದು ಕಟ್ಟೆಯ ಮೇಲೆ. 2024ರಲ್ಲಿ ಇದರ ತಮ್ಮ 'ಪೀಕೋ 2' ಬಂದಿದೆ, ಕಟ್ಟೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು.

ಈ ಬೋರ್ಡಿಗೆ ತೆರೆ ಇಲ್ಲ, ಕೀಲಿಮಣೆ ಇಲ್ಲ, ಡಿಸ್ಕ್ ಇಲ್ಲ. ಇವನ್ನೆಲ್ಲ ಸೇರಿಸಿ ಪೂರ್ಣ ಗಣಕ ಮಾಡುವುದೇ ನಮ್ಮ ಆಟ.

ಮೊದಲು ತೆರೆ. ಹಳೆಯ ವಿಜಿಎ ಮಾನಿಟರು ಯಾವ ಕಚೇರಿಯ ಮೂಲೆಯಲ್ಲಾದರೂ ಸಿಗುತ್ತದೆ. ಅದರಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿಗಳು. ಒಂದೊಂದು ಚುಕ್ಕಿಗೂ 256 ಬಣ್ಣ ಬೇಕೆಂದರೆ ಚುಕ್ಕಿಗೊಂದು ಬೈಟ್, ಒಟ್ಟು 300 ಕಿಲೋಬೈಟ್. ನಮ್ಮ ಕಟ್ಟೆಯೇ 264. ಹದಿನಾರು ಬಣ್ಣ ಸಾಕೆಂದರೆ 150. ಕಪ್ಪು ಬಿಳುಪು ಸಾಕೆಂದರೆ 37.5 ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಅಕ್ಷರ ಸ್ಪಷ್ಟವಾಗಿ ಕಾಣಬೇಕು, ಪ್ರೋಗ್ರಾಮಿಗೂ ಜಾಗ ಉಳಿಯಬೇಕು ಎಂದು ನಾನು ಕಪ್ಪು ಬಿಳುಪನ್ನೇ ಆರಿಸಿದೆ. ಮಕ್ಕಳಿಗೆ ಈ ಲೆಕ್ಕ ಮಾಡಿಸಿ ನೋಡಿ, ಗುಣಾಕಾರ ಯಾಕೆ ಕಲಿಯಬೇಕು ಎಂದು ಮತ್ತೆಂದೂ ಕೇಳುವುದಿಲ್ಲ.

ಇನ್ನೊಂದು ತೊಡಕಿದೆ. ಮಾನಿಟರು ಸೆಕೆಂಡಿಗೆ ಎರಡೂವರೆ ಕೋಟಿ ಚುಕ್ಕಿಗಳ ವೇಗದಲ್ಲಿ, ಸೆಕೆಂಡಿಗೆ 60 ಬಾರಿ ಪೂರ್ತಿ ಚಿತ್ರ ಕೇಳುತ್ತದೆ. ಒಂದು ಗಳಿಗೆ ತಡವಾದರೂ ಚಿತ್ರ ಹರಿದುಹೋಗುತ್ತದೆ. ಮದುವೆ ಮನೆಯನ್ನು ನೆನೆಸಿಕೊಳ್ಳಿ. ಅಡುಗೆ ಭಟ್ಟರೇ ಪಂಕ್ತಿಯಲ್ಲಿ ಬಡಿಸಲೂ ಹೋದರೆ ಒಲೆಯ ಮೇಲಿನ ಹುಳಿಯನ್ನು ನೋಡುವವರಾರು? ಅದಕ್ಕೇ ಬಡಿಸುವವರು ಬೇರೆ ಇರುತ್ತಾರೆ. ಈ ಚಿಪ್ಪಿನಲ್ಲಿ ಅಂತಹ ಎಂಟು ಪುಟ್ಟ ಬಡಿಸುವವರಿದ್ದಾರೆ, 'ಪಿಐಓ' ಎಂದು ಅವರ ಹೆಸರು. ಅವರಿಗೆ ಗೊತ್ತಿರುವುದು ಒಂದೆರಡು ಕೆಲಸ ಮಾತ್ರ, ಆದರೆ ತಾಳ ತಪ್ಪುವುದಿಲ್ಲ. ಅವರು ಪಂಕ್ತಿಯ ಮೇಲೆ ಪಂಕ್ತಿಯಾಗಿ ಚುಕ್ಕಿ ಬಡಿಸುತ್ತಿದ್ದರೆ ಭಟ್ಟರು ನೆಮ್ಮದಿಯಾಗಿ ಅಡುಗೆ ಮಾಡುತ್ತಾರೆ. ದುಬಾರಿ ವಿಡಿಯೋ ಚಿಪ್ ಇಲ್ಲದೆಯೇ ಚಿತ್ರ ಬರುವುದರ ಗುಟ್ಟು ಇಷ್ಟೇ.

ಬೋರ್ಡು ಕೊಡುವುದು 3.3 ವೋಲ್ಟ್, ಮಾನಿಟರಿಗೆ ಬೇಕಾದದ್ದು ಹೆಚ್ಚೆಂದರೆ 0.7. ಮಾನಿಟರಿನ ಒಳಗೆ 75 ಓಮ್ ಇರುತ್ತದೆ. ನಡುವೆ 270 ಓಮಿನ ರೆಸಿಸ್ಟರ್ ಇಟ್ಟರೆ ವೋಲ್ಟೇಜು 0.7ರ ಸುಮಾರಿಗೆ ಇಳಿಯುತ್ತದೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು. ಹೈಸ್ಕೂಲಿನ ಓಮ್ ನಿಯಮ ಕಣ್ಣೆದುರು ಬೆಳಗುತ್ತದೆ.

ಕೀಲಿಮಣೆ ಹಳೆಯ ಪಿಎಸ್ 2 ಬಗೆಯದು. ಒಂದು ತಂತಿಯಲ್ಲಿ ತಾಳ, ಇನ್ನೊಂದರಲ್ಲಿ ಮಾಹಿತಿ. ಒಂದೊಂದು ಸಂದೇಶಕ್ಕೆ 11 ಬಿಟ್. ಅದು 5 ವೋಲ್ಟಿನದು, ನೇರವಾಗಿ ಜೋಡಿಸಿದರೆ ಪೀಕೋಗೆ ಅಪಾಯ. ಆದ್ದರಿಂದ ನಡುವೆ ವೋಲ್ಟೇಜ್ ಇಳಿಸುವ ಒಂದು ಪುಟ್ಟ ಚೂರು ಬೇಕು. ಡಿಸ್ಕಿನ ಬದಲು ಕ್ಯಾಮೆರಾದ ಎಸ್‌ಡಿ ಕಾರ್ಡ್, ಅದಕ್ಕೆ ನಾಲ್ಕು ಸಂಕೇತದ ತಂತಿ ಸಾಕು. ಮಾನಿಟರು, ಕೀಲಿಮಣೆ ಬಿಟ್ಟರೆ ಉಳಿದ ಎಲ್ಲ ಸಾಮಾನೂ ನನಗೆ ಹದಿನೈದು ಪೌಂಡಿನೊಳಗೆ ಮುಗಿಯಿತು. ಮೊದಲ ಯಂತ್ರಕ್ಕೆ ಬೆಸುಗೆಯೂ ಬೇಡ, ಬ್ರೆಡ್‌ಬೋರ್ಡಿನಲ್ಲಿ ತಂತಿ ಚುಚ್ಚಿದರಾಯಿತು.

ಇಲ್ಲಿಯವರೆಗಿನದನ್ನು ಜಗತ್ತಿನ ಬೇಕಾದಷ್ಟು ಹವ್ಯಾಸಿಗಳು ಮಾಡಿದ್ದಾರೆ. ನನಗೆ ನಿಜವಾದ ಸವಾಲು ಆಮೇಲೆ ಬಂತು. ಗಣಕ ಎದ್ದು ಕುಳಿತು ಇಂಗ್ಲಿಷಿನಲ್ಲಿ "ಸಿದ್ಧ" ಎಂದಿತು. ಕನ್ನಡದಲ್ಲಿ ಹೇಳಿಸಬೇಕಲ್ಲ?

ಇಂಗ್ಲಿಷಿಗೆ ಎಲ್ಲ ಅಕ್ಷರ, ಅಂಕೆ, ಚಿಹ್ನೆ ಸೇರಿ 95 ಆಕೃತಿಗಳು. ಒಂದಕ್ಕೆ 16 ಬೈಟ್, ಒಟ್ಟು ಒಂದೂವರೆ ಕಿಲೋಬೈಟ್. ಆ ಕಾಲದ ಯಂತ್ರಗಳು ಇಂಗ್ಲಿಷನ್ನೇ ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿ ನಮ್ಮ ಲಿಪಿಗಳಿಗಾಗಿ ಸಿ-ಡ್ಯಾಕ್‌ನ 'ಜಿಸ್ಟ್' ಎಂಬ ಪ್ರತ್ಯೇಕ ಕಾರ್ಡನ್ನೇ ಪಿಸಿಗೆ ಚುಚ್ಚಬೇಕಾಗಿತ್ತು.

ಕನ್ನಡದ ಲೆಕ್ಕ ನೋಡಿ. ವ್ಯಂಜನ 34, ಸ್ವರ 13. ಗುಣಿತಾಕ್ಷರ 442. ಒಂದು ಒತ್ತು ಸೇರಿದರೆ 34ನ್ನು 34ರಿಂದ, ಮತ್ತೆ 13ರಿಂದ ಗುಣಿಸಿ: 15,028. ಎಲ್ಲವೂ ಬಳಕೆಯಲ್ಲಿ ಇಲ್ಲ, ನಿಜ. ಆದರೆ ಯಂತ್ರ ಯಾವುದಕ್ಕೂ ಇಲ್ಲ ಎನ್ನಬಾರದು. ನಮ್ಮ ದುಂಡು ಅಕ್ಷರ ಅಂದವಾಗಿ ಕಾಣಲು 32ಕ್ಕೆ 32 ಚುಕ್ಕಿಯ ಚೌಕ ಬೇಕು. ಅಂದರೆ ಅಕ್ಷರವೊಂದಕ್ಕೆ 128 ಬೈಟ್. ನೆನಪಾಯಿತೇ? ಮ್ಯಾಂಚೆಸ್ಟರಿನ ಬೇಬಿಯ ಇಡೀ ಸ್ಮರಣೆ ನಮ್ಮ ಒಂದೇ ಒಂದು 'ಕ' ಅಕ್ಷರಕ್ಕೆ ಸರಿಹೋಗುತ್ತಿತ್ತು!

ಹದಿನೈದು ಸಾವಿರ ಚಿತ್ರಗಳನ್ನೂ ಬರೆದಿಟ್ಟರೆ ಸುಮಾರು 1.8 ಮೆಗಾಬೈಟ್. ಉಗ್ರಾಣವೇ ತುಂಬಿಹೋಗುತ್ತದೆ. ಹಾಗಾದರೆ ನಾವು ಕಾಗುಣಿತ ಕಲಿತದ್ದು ಹೇಗೆ? ಹದಿನೈದು ಸಾವಿರವನ್ನು ಯಾರೂ ಬಾಯಿಪಾಠ ಮಾಡಲಿಲ್ಲ. ಮೇಷ್ಟ್ರು ನಿಯಮ ಹೇಳಿಕೊಟ್ಟರು, ನಾವು ಕೂಡಿಸಿಕೊಂಡೆವು. ಗಣಕಕ್ಕೂ ಅದನ್ನೇ ಕಲಿಸಬೇಕು. ಗುಣಿತಾಕ್ಷರ 442, ಅರ್ಧಾಕ್ಷರ 34, ಒತ್ತು 34, ಸ್ವರ 13, ಅನುಸ್ವಾರ, ವಿಸರ್ಗ, ಅರ್ಕಾವತ್ತು, ಹತ್ತು ಅಂಕಿ. ಒಟ್ಟು 536 ಚಿತ್ರ, 67 ಕಿಲೋಬೈಟ್ ಮಾತ್ರ. ಉಳಿದದ್ದೆಲ್ಲ ನಿಯಮ. ವ್ಯಂಜನ, ವಿರಾಮ, ಮತ್ತೆ ವ್ಯಂಜನ ಬಂದರೆ ಎರಡನೆಯದನ್ನು ಮೊದಲನೆಯದರ ಕೆಳಗೆ ಕೂರಿಸು. ಸ್ವರ ಬಂದರೆ ಅದನ್ನು ಮೇಲಿನ ಅಕ್ಷರಕ್ಕೆ ಹಚ್ಚು, ಒತ್ತಿಗಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರ ಯುನಿಕೋಡಿನಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಆರು ಸಂಕೇತ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನೀವು ಬಳಸುವ ಕೀಲಿಮಣೆಯಲ್ಲಿ ಒತ್ತಬೇಕಾದದ್ದೂ ಆರೇ ಕೀಲಿ. ನಮ್ಮ ಲಿಪಿಯ ವ್ಯಾಕರಣವನ್ನೇ ಕೀಲಿಮಣೆಯ ತರ್ಕವಾಗಿಸಿದ ಆ ಹಿರಿಯರಿಗೆ ನಾವು ಋಣಿಗಳು.

ಬಳಗದ ಆರು ಮಕ್ಕಳು ನಾಲ್ಕು ಭಾನುವಾರ ನಮ್ಮ ಮನೆಗೆ ಬಂದರು. ಮೊದಲ ವಾರ ಒಬ್ಬ ಹುಡುಗ, "ಅಂಕಲ್, ಇದರಲ್ಲಿ ಯೂಟ್ಯೂಬ್ ಬರುತ್ತಾ?" ಎಂದ. ಬರುವುದಿಲ್ಲ ಎಂದೆ. ಅವನ ಮುಖ ಬಾಡಿತು. ಅರ್ಕಾವತ್ತಿನ ನಿಯಮವನ್ನು ನಾನು ಬರೆಯದೆ ಮಕ್ಕಳಿಗೇ ಬಿಟ್ಟಿದ್ದೆ. 'ಸೂರ್ಯ' ಬರೆಯುವಾಗ ರ ಮೊದಲು ಉಚ್ಚಾರವಾದರೂ ಅದರ ಗುರುತು ಯ ಆದಮೇಲೆ ಬರುತ್ತದಲ್ಲ, ಅದನ್ನು ಯಂತ್ರಕ್ಕೆ ಹೇಗೆ ಹೇಳುವುದು? ಮೂರನೆಯ ವಾರ ಒಂಬತ್ತು ವರ್ಷದ ಹುಡುಗಿಯೊಬ್ಬಳು, "ರ ಬಂದರೆ ಕೈಯಲ್ಲಿ ಹಿಡ್ಕೊಂಡಿರು, ಮುಂದಿನ ಅಕ್ಷರ ಬರೆದ ಮೇಲೆ ಇಡು ಅಂತ ಹೇಳೋಣ" ಎಂದಳು. ಎಂಜಿನಿಯರಿಂಗ್ ತರಗತಿಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಅವಳಿಗೆ ಆ ಹೆಸರು ಬೇಕಾಗಲಿಲ್ಲ. ಯೂಟ್ಯೂಬ್ ಕೇಳಿದ ಹುಡುಗ ತನ್ನ ಅಜ್ಜಿಯ ಹೆಸರು ಬರೆದು, ಫೋಟೋ ತೆಗೆದು ಧಾರವಾಡಕ್ಕೆ ಕಳಿಸಿದ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಈ ಮಕ್ಕಳು ಕಾಗುಣಿತಕ್ಕಾಗಿ ಜಗಳವಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಈಗ ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಒಂದು ಶಾಲೆಗೆ ಹೋಗಿದ್ದೆ, ಹೆಸರು ಬೇಡ. ದಾನಿಗಳು ಕೊಟ್ಟ ನಾಲ್ಕು ಗಣಕಗಳಿಗೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದ್ದರು. "ಹಾಳಾದರೆ ರಿಪೇರಿ ಯಾರು ಮಾಡ್ತಾರೆ ಸಾರ್? ಮಕ್ಕಳು ಮುಟ್ಟೋದು ಬೇಡ ಅಂತ" ಎಂದರು. ಅವರನ್ನು ದೂರಲಾರೆ. ತಿಳಿಯದ, ದುಬಾರಿಯಾದ ವಸ್ತುವನ್ನು ಕಾಪಾಡುವುದು ಸಹಜ. ಆದರೆ ಮುಟ್ಟದ ಗಣಕದಿಂದ ಕಲಿಯುವುದೇನು?

ಮುನ್ನೂರು ರೂಪಾಯಿ, ನಾನೂರು ರೂಪಾಯಿಯ ಬೋರ್ಡಿಗೆ ಯಾರೂ ಬೀಗ ಹಾಕುವುದಿಲ್ಲ. ಸುಟ್ಟರೆ ಇನ್ನೊಂದು. ಬಿಚ್ಚಿದರೆ ಮತ್ತೆ ಜೋಡಿಸಬಹುದು. 2016ರಲ್ಲಿ ಈ ದೇಶದಲ್ಲಿ ಏಳನೆಯ ತರಗತಿಯ ಸುಮಾರು ಹತ್ತು ಲಕ್ಷ ಮಕ್ಕಳಿಗೆ 'ಮೈಕ್ರೋಬಿಟ್' ಬೋರ್ಡನ್ನು ಉಚಿತವಾಗಿ ಕೊಟ್ಟದ್ದು ಇದೇ ನಂಬಿಕೆಯಿಂದ. ಮಗುವಿಗೆ ಅದು ತನ್ನದೇ ಆಗಿರಬೇಕು, ಕೆಡಿಸುವ ಸ್ವಾತಂತ್ರ್ಯವೂ ಇರಬೇಕು.

ಇದು ಲ್ಯಾಪ್‌ಟಾಪಿಗೆ ಬದಲಿ ಎಂದು ನಾನು ಹೇಳುತ್ತಿಲ್ಲ. ಇದರಲ್ಲಿ ಅರ್ಜಿ ತುಂಬಲಾಗದು, ಪಾಠದ ವಿಡಿಯೋ ನೋಡಲಾಗದು. ಅವಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕು. ಮತ್ತೆ, ಬೋರ್ಡು ಕಳಿಸಿ ಕೈತೊಳೆದುಕೊಂಡರೆ ಅವೂ ಅಲ್ಮೇರಾ ಸೇರುತ್ತವೆ. ಸಿಂಪ್ಯೂಟರಿನ ಕಥೆಯಿಂದ ನಾನು ಕಲಿತದ್ದು, ಅಗ್ಗವಾಗಿದ್ದ ಮಾತ್ರಕ್ಕೆ ಯಂತ್ರ ಜನರ ಕೈ ಸೇರುವುದಿಲ್ಲ. ನಡುವೆ ಒಬ್ಬ ಮೇಷ್ಟ್ರು ಇರಬೇಕು.

ಹಾಗಾಗಿ ಸಮಿತಿಯವರಲ್ಲಿ ನನ್ನ ಕೋರಿಕೆ ಮೂರು. ಲ್ಯಾಪ್‌ಟಾಪಿಗೆಂದು ತೆಗೆದಿಟ್ಟ ಹಣದಲ್ಲಿ ಒಂದೆರಡು ಲ್ಯಾಪ್‌ಟಾಪ್ ಕಡಿಮೆ ಮಾಡಿ, ಒಂದು ಶಾಲೆಗೆ ಇಪ್ಪತ್ತು ಬೋರ್ಡಿನ ಒಂದು ಪೆಟ್ಟಿಗೆ ಕೊಡೋಣ. ಅಲ್ಲಿನ ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ಎರಡು ದಿನದ ತರಬೇತಿಯ ಖರ್ಚು, ಬಸ್ಸಿನ ಖರ್ಚು ಸೇರಿಸಿ ಕೊಡೋಣ. ಜೋಡಿಸುವ ಕ್ರಮವನ್ನು ಚಿತ್ರಸಹಿತ ಸರಳ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನದು, ಅದಕ್ಕೆ ಬಳಗ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಹಳೆಯ ಕೀಲಿಮಣೆ, ಮಾನಿಟರುಗಳನ್ನು ಊರಿನಲ್ಲೇ ಹುಡುಕಿದರಾಯಿತು. ಒಂದೇ ಶಾಲೆಯಿಂದ ಆರಂಭಿಸಿ ಒಂದು ವರ್ಷ ನೋಡೋಣ. ಬೀಗ ಬಿದ್ದಿದ್ದರೆ ಮುಂದಿನ ವರ್ಷ ಇದೇ ವೇದಿಕೆಯಲ್ಲಿ ನನ್ನನ್ನೇ ಕೇಳಿ.

ಹನಿ ಹನಿ ಕೂಡಿದರೆ ಹಳ್ಳ. ನೀವು ಈ ದಿನ ರಾಫಲ್ ಟಿಕೆಟ್ಟಿಗೆ ಕೊಡುವ ಐದು ಪೌಂಡು ಒಂದು ಬೋರ್ಡಾಗುತ್ತದೆ. ಅದರ ಮೇಲೆ ಯಾವುದೋ ಊರಿನ ಮಗು ಮೊದಲ ಬಾರಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಮೂಡಿಸುತ್ತದೆ, ಹೇಗೆ ಮೂಡಿತೆಂದೂ ತಿಳಿದುಕೊಳ್ಳುತ್ತದೆ. ಕೊಳ್ಳುವವರಾಗಿ ಮಾತ್ರವಲ್ಲ, ಕಟ್ಟುವವರಾಗಿ ನಮ್ಮ ಮಕ್ಕಳು ಬೆಳೆಯಲಿ, ಇಲ್ಲಿಯವರೂ, ಅಲ್ಲಿಯವರೂ.

ಯಂತ್ರವನ್ನು ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಊಟದ ನಂತರ ಮಕ್ಕಳು ಬಂದು ಧಾರಾಳವಾಗಿ ಮುಟ್ಟಬಹುದು. ದೊಡ್ಡವರೂ ಬನ್ನಿ, ನಿಮ್ಮ ಊರಿನ ಹೆಸರು ಬರೆಯಿರಿ. 

ಜೈ ಕರ್ನಾಟಕ.